ನೊರೆ ಏಳುವ ಮುನ್ನ

ಬಾರ್ಲಿ, ಹಾಪ್ಸ್, ನೀರು, ಯೀಸ್ಟ್. ಸಾಮಾನು ಇಷ್ಟೇ. ಆದರೂ ಒಬ್ಬರ ಹಂಡೆಯಲ್ಲಿ ಅಮೃತ, ಪಕ್ಕದ ಮನೆಯವರ ಹಂಡೆಯಲ್ಲಿ ಆಸ್ಪತ್ರೆಯ ವಾಸನೆ! ಅಮೆರಿಕದ ಗ್ಯಾರೇಜುಗಳಲ್ಲಿ ವಾರಾಂತ್ಯಕ್ಕೆ ಬಿಯರ್ ಕಾಯಿಸುವ ಹವ್ಯಾಸಿಗಳನ್ನು ಕೇಳಿ ನೋಡಿ. ರೆಸಿಪಿ ಕೊನೆಯ ಮಾತು. ಮೊದಲ ಮಾತು ಥರ್ಮಾಮೀಟರ್ ಮತ್ತು ಪಾತ್ರೆ ತೊಳೆಯುವ ಬ್ರಷ್ಷು.

ನವೆಂಬರ್ ತಿಂಗಳ ಮೊದಲ ಶನಿವಾರ, ಬೆಳಿಗ್ಗೆ ಒಂಬತ್ತು. ಅಮೆರಿಕದ ಒರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್ ಊರಿನಲ್ಲಿ ಜಿಟಿಜಿಟಿ ಮಳೆ. ಕಾರನ್ನು ರಸ್ತೆಗೆ ಅಟ್ಟಿ ಖಾಲಿ ಮಾಡಿದ ಗ್ಯಾರೇಜಿನ ನಡುವೆ ನಲವತ್ತು ಲೀಟರಿನ ಸ್ಟೀಲ್ ಹಂಡೆ ಕೂತಿದೆ. ಕೆಳಗೆ ಗ್ಯಾಸ್ ಬರ್ನರ್ ಭುಸುಗುಡುತ್ತಿದೆ. ಚಳಿಯಿದ್ದರೂ ಬಾಗಿಲನ್ನು ಪೂರ್ತಿ ಎತ್ತಿಟ್ಟಿದ್ದಾರೆ. ಗ್ಯಾಸ್ ಉರಿದ ಗಾಳಿ ಒಳಗೇ ಉಳಿದರೆ ಪ್ರಾಣಕ್ಕೇ ಕುತ್ತು.

ಹಂಡೆಯ ಮುಂದೆ ಹಾಸನ ಕಡೆಯ ಹುಡುಗ. ವಾರವಿಡೀ ಕಂಪ್ಯೂಟರ್ ಮುಂದೆ ಕೂರುವವನು ಇವತ್ತು ರಬ್ಬರ್ ಬೂಟು ಹಾಕಿದ್ದಾನೆ. ನಾಲ್ಕು ಕಿಲೋ ಚಿಲ್ಲರೆ ಬಾರ್ಲಿ ನುಚ್ಚನ್ನು ತೆಳು ಬಟ್ಟೆಯ ದೊಡ್ಡ ಚೀಲಕ್ಕೆ ಸುರಿದು, ಬಿಸಿನೀರಿನಲ್ಲಿ ಮುಳುಗಿಸಿ, ಉದ್ದನೆಯ ಸೌಟಿನಿಂದ ತಿರುವುತ್ತಿದ್ದಾನೆ. ಗಂಟು ಕಟ್ಟಬಾರದು. ಕಟ್ಟಿದರೆ ಗಂಟಿನ ಒಳಗಿನ ಹಿಟ್ಟು ಒಣಗಿದಂತೆಯೇ ಉಳಿಯುತ್ತದೆ. ಹಬೆಯ ಜೊತೆ ಬಿಸ್ಕತ್ತಿನ ವಾಸನೆ ಬೀದಿಯವರೆಗೂ ಹೋಗುತ್ತಿದೆ.

ಮಗನ ಮನೆಗೆಂದು ಊರಿನಿಂದ ಬಂದಿರುವ ತಾಯಿ ಶಾಲು ಹೊದ್ದು ಬಾಗಿಲಿಗೆ ಬಂದು ನಿಲ್ಲುತ್ತಾರೆ.

‘ಏನೋ ಇದು? ಇಲ್ಲೂ ದನ ಕಟ್ಟಿದೀಯಾ? ಬೂಸಾ ಬೇಯಿಸ್ತಿದೀಯಲ್ಲ!’

‘ಬೂಸಾ ಅಲ್ಲಮ್ಮ, ಬಾರ್ಲಿ. ಮೊಳಕೆ ಬರಿಸಿ, ಒಣಗಿಸಿ, ಒಡೆದಿರೋದು.’

‘ಹಂಗಂದ್ರೆ ರಾಗಿ ಮಾಲ್ಟ್ ಮಾಡ್ದಂಗೇ ಅನ್ನು.’

ಮಗ ಸೌಟು ನಿಲ್ಲಿಸಿ ಅಮ್ಮನ ಮುಖ ನೋಡುತ್ತಾನೆ. ಈ ಒಂದು ವಾಕ್ಯಕ್ಕೆ ಬರಲು ಅವನು ಎರಡು ದಪ್ಪ ಪುಸ್ತಕ ಓದಿದ್ದ.

ಅಮೆರಿಕನ್ ಹೋಮ್‌ಬ್ರೂವರ್ಸ್ ಅಸೋಸಿಯೇಷನ್ ಪ್ರತಿವರ್ಷ ನವೆಂಬರಿನ ಮೊದಲ ಶನಿವಾರವನ್ನು ಹೊಸಬರಿಗೆ ಬಿಯರ್ ಮಾಡುವುದನ್ನು ಕಲಿಸುವ ದಿನವಾಗಿ ಆಚರಿಸುತ್ತದೆ. ಅಂದು ಗೊತ್ತಿದ್ದವರು ಗೊತ್ತಿಲ್ಲದ ಒಬ್ಬಿಬ್ಬರನ್ನು ಮನೆಗೆ ಕರೆಯಬೇಕು. ಹಾಗೆ ಬಂದವರು ಸಾಮಾನ್ಯವಾಗಿ ಕೇಳುವ ಮೊದಲ ಪ್ರಶ್ನೆ: ‘ರೆಸಿಪಿ ಕೊಡ್ತೀರಾ?’ ಪಳಗಿದವರು ನಗುತ್ತಾರೆ.

ಎರಡು ಡಿಗ್ರಿಯ ಮಾತು

ಆ ತಾಯಿ ಹೇಳಿದ್ದು ಅಪ್ಪಟ ರಸಾಯನಶಾಸ್ತ್ರ. ಕಾಳಿನ ಒಳಗೆ ಇರುವುದು ಪಿಷ್ಟ. ಯೀಸ್ಟ್‌ಗೆ ಪಿಷ್ಟ ಅರಗದು, ಅದಕ್ಕೆ ಸಕ್ಕರೆಯೇ ಬೇಕು. ಕಾಳು ಮೊಳೆಯುವಾಗ ತನ್ನ ಪಿಷ್ಟವನ್ನು ತಾನೇ ಸಕ್ಕರೆಯಾಗಿ ಒಡೆದುಕೊಳ್ಳಲು ಅಮೈಲೇಸ್ ಎಂಬ ಕಿಣ್ವವನ್ನು ತಯಾರು ಮಾಡುತ್ತದೆ. ಮೊಳಕೆ ಗಿಡವಾಗಲು ಬಿಡದೆ, ನಾಲ್ಕೈದು ದಿನಕ್ಕೆ ಬಿಸಿಗಾಳಿಯಲ್ಲಿ ಒಣಗಿಸಿಬಿಟ್ಟರೆ ಪಿಷ್ಟವೂ ಉಳಿಯಿತು, ಕಿಣ್ವವೂ ಉಳಿಯಿತು. ಅದೇ ಮಾಲ್ಟ್.

ರಾಗಿಯನ್ನು ರಾತ್ರಿ ನೆನೆಸಿ, ಒದ್ದೆ ಬಟ್ಟೆಯಲ್ಲಿ ಗಂಟು ಕಟ್ಟಿ, ಬಿಳಿ ಮೊಳಕೆ ಇಣುಕಿದ ಮೇಲೆ ಒಣಗಿಸಿ, ಹದವಾಗಿ ಹುರಿದು ಬೀಸುವ ನಮ್ಮ ಅಜ್ಜಿಯರು ಮಾಡುತ್ತಿದ್ದದ್ದೂ ಇದನ್ನೇ. ಮೊಳಕೆ ರಾಗಿಯ ಗಂಜಿ ಮಾಮೂಲಿ ರಾಗಿ ಗಂಜಿಗಿಂತ ತೆಳ್ಳಗಿದ್ದು ಕೂಸಿನ ಗಂಟಲಲ್ಲಿ ಸಲೀಸಾಗಿ ಇಳಿಯುವುದು ಇದೇ ಅಮೈಲೇಸ್ ದಯೆಯಿಂದ. ಮೈಸೂರಿನ ಸಿಎಫ್‌ಟಿಆರ್‌ಐ ವಿಜ್ಞಾನಿಗಳು ಮೊಳಕೆ ರಾಗಿಯ ಶಿಶು ಆಹಾರದ ಮೇಲೆ ಕೆಲಸ ಮಾಡಿದ್ದೂ ಈ ಗುಣವನ್ನು ಹಿಡಿದೇ.

ಗ್ಯಾರೇಜಿನ ಹಂಡೆಯಲ್ಲಿ ಈಗ ನಡೆಯುತ್ತಿರುವುದು ‘ಮ್ಯಾಶ್’. ನುಚ್ಚು ಬಿಸಿನೀರಿನಲ್ಲಿ ಒಂದು ಗಂಟೆ ನೆನೆಯಬೇಕು, ಕಿಣ್ವ ತನ್ನ ಕೆಲಸ ಮುಗಿಸಬೇಕು. ಇಲ್ಲಿ ಥರ್ಮಾಮೀಟರಿನ ದರ್ಬಾರು ಶುರು.

ಇಲ್ಲಿ ಕೆಲಸ ಮಾಡುವ ಅಮೈಲೇಸ್ ಎರಡು ಬಗೆ. ಬೀಟಾ ಅಮೈಲೇಸ್‌ಗೆ 60ರಿಂದ 65 ಡಿಗ್ರಿ ಸೆಲ್ಸಿಯಸ್ ಹಿತ. ಅದು ಒಡೆದು ಕೊಡುವ ಸಕ್ಕರೆಯನ್ನು ಯೀಸ್ಟ್ ಚೂರೂ ಬಿಡದೆ ತಿಂದುಹಾಕುತ್ತದೆ. ಬಿಯರ್ ತೆಳ್ಳಗೆ, ಒಣ ರುಚಿಗೆ ಇಳಿಯುತ್ತದೆ. ಆಲ್ಫಾ ಅಮೈಲೇಸ್‌ಗೆ 68ರಿಂದ 72 ಡಿಗ್ರಿ ಬೇಕು. ಅದು ಪಿಷ್ಟವನ್ನು ಎಲ್ಲೆಂದರಲ್ಲಿ ತುಂಡರಿಸುತ್ತದೆ. ಯೀಸ್ಟ್‌ಗೆ ದಕ್ಕದ ದೊಡ್ಡ ತುಂಡುಗಳು ಬಿಯರಿನಲ್ಲೇ ಉಳಿದು ನಾಲಿಗೆಗೆ ಮೈತುಂಬಿದ ಅನುಭವ ಕೊಡುತ್ತವೆ.

ಆದ್ದರಿಂದ ಅದೇ ಬಾರ್ಲಿ, ಅದೇ ನೀರು, ಅದೇ ಹಂಡೆ ಇಟ್ಟುಕೊಂಡು 65 ಡಿಗ್ರಿಯಲ್ಲಿ ಒಂದು ಬಿಯರ್, 69ರಲ್ಲಿ ಇನ್ನೊಂದೇ ಬಿಯರ್ ಮಾಡಬಹುದು. ಬಹಳ ಜನ 66–67ಕ್ಕೆ ರಾಜಿಯಾಗುತ್ತಾರೆ. ನಮ್ಮ ಹಾಸನದ ಹುಡುಗ ನೀರನ್ನು 70 ಡಿಗ್ರಿಗೆ ಕಾಯಿಸಿದ್ದ. ತಣ್ಣನೆಯ ನುಚ್ಚು ಬಿದ್ದೊಡನೆ ಮೂರು ಡಿಗ್ರಿ ಇಳಿಯುತ್ತದೆಂದು ಅವನಿಗೆ ಗೊತ್ತು. ಮುಚ್ಚಳ ಹಾಕಿ, ಹಂಡೆಗೆ ಹಳೆಯ ರಜಾಯಿ ಸುತ್ತಿ, ಉರಿ ಆರಿಸಿದ.

ಪಿಷ್ಟವೆಲ್ಲ ಕರಗಿತೆಂದು ತಿಳಿಯುವುದು ಹೇಗೆ? ಔಷಧ ಅಂಗಡಿಯ ಟಿಂಕ್ಚರ್ ಅಯೋಡಿನ್ ಸಾಕು. ಬಿಳಿ ತಟ್ಟೆಯ ಮೇಲೆ ಒಂದು ಚಮಚ ರಸ, ಅದರ ಮೇಲೆ ಒಂದು ಹನಿ ಅಯೋಡಿನ್. ಕಡುನೀಲಿಗೆ ತಿರುಗಿದರೆ ಪಿಷ್ಟ ಇನ್ನೂ ಇದೆ, ಕಾಯಬೇಕು. ಕಂದು ಬಣ್ಣ ಹಾಗೆಯೇ ಉಳಿದರೆ ಕೆಲಸ ಆಯಿತು. ತಟ್ಟೆಯಲ್ಲಿದ್ದದ್ದನ್ನು ಚೆಲ್ಲಬೇಕು, ಹಂಡೆಗೆ ವಾಪಸ್ ಸುರಿಯಬಾರದು.

ಆಮೇಲೆ ಚೀಲ ಎತ್ತಿ ರಸ ಬಸಿಯುವುದು. ಕಾಳು ಬೇರೆ, ರಸ ಬೇರೆ ಮಾಡಲು ಮೂರು ಪಾತ್ರೆ, ನಲ್ಲಿ, ಜಾಲರಿ ಎಲ್ಲ ಬೇಕಾಗಿದ್ದ ಕಾಲವಿತ್ತು. ಒಂದೇ ಹಂಡೆ, ಒಂದೇ ಚೀಲದ ಈ ಸುಲಭ ವಿಧಾನವನ್ನು ಜನಪ್ರಿಯ ಮಾಡಿದವರು ಆಸ್ಟ್ರೇಲಿಯಾದ ಹವ್ಯಾಸಿಗಳು. ಉಳಿದ ಸಿಪ್ಪೆ–ಚರಟವನ್ನು ಏನು ಮಾಡುತ್ತಾರೆ ಅಂತೀರಾ? ದೊಡ್ಡ ಬ್ರೂವರಿಗಳಿಂದ ಅದು ನೇರ ಹೋಗುವುದು ದನದ ಕೊಟ್ಟಿಗೆಗೆ. ಅಮ್ಮ ಬೂಸಾ ಎಂದದ್ದು ಪೂರ್ತಿ ತಪ್ಪೇನಲ್ಲ.

ಡಬ್ಬಿಯೊಳಗಿನ ಕಾನೂನು ಕಥೆ

ಹೊಸಬರೆಲ್ಲ ಹೀಗೆ ಕಾಳಿನಿಂದಲೇ ಆರಂಭಿಸುವುದಿಲ್ಲ. ಮ್ಯಾಶ್ ಮಾಡಿದ ರಸವನ್ನು ಕಾರ್ಖಾನೆಯವರೇ ಬತ್ತಿಸಿ ಜೋನಿಬೆಲ್ಲದಷ್ಟು ಗಟ್ಟಿ ಮಾಡಿ ಡಬ್ಬಿಯಲ್ಲಿ ಮಾರುತ್ತಾರೆ. ಅದೇ ಮಾಲ್ಟ್ ಎಕ್ಸ್‌ಟ್ರಾಕ್ಟ್. ನೀರು ಬೆರೆಸಿ ಕುದಿಸಿದರೆ ಅರ್ಧ ಕೆಲಸ ಮುಗಿದಂತೆ.

ಈ ಡಬ್ಬಿಗೊಂದು ಕಳ್ಳ ಇತಿಹಾಸವಿದೆ. ಅಮೆರಿಕದಲ್ಲಿ 1920ರಿಂದ 1933ರವರೆಗೆ ಪಾನನಿಷೇಧ. ಬ್ರೂವರಿಗಳು ಬಾಗಿಲು ಹಾಕಿದವು, ಇಲ್ಲವೇ ಬೇರೆ ಸರಕಿಗೆ ತಿರುಗಿದವು. ಕೆಲವು ಕಂಪನಿಗಳು ಮಾಲ್ಟ್ ಎಕ್ಸ್‌ಟ್ರಾಕ್ಟ್ ಮಾರತೊಡಗಿದವು. ಬ್ರೆಡ್ಡು, ಬಿಸ್ಕತ್ತು ಮಾಡಲು ಎಂದು ಹೇಳಿ! ಆ ವರ್ಷಗಳಲ್ಲಿ ಅಮೆರಿಕದ ಅಡುಗೆಮನೆಗಳಲ್ಲಿ ಎಷ್ಟು ಬ್ರೆಡ್ಡು ಬೆಂದಿತೋ ದೇವರಿಗೇ ಗೊತ್ತು. ಪೋರ್ಟ್‌ಲ್ಯಾಂಡಿನ ಎಫ್.ಎಚ್. ಸ್ಟೈನ್‌ಬಾರ್ಟ್ ಅಂಗಡಿ ಶುರುವಾದದ್ದು 1918ರಲ್ಲಿ, ಅಂದರೆ ದೇಶವ್ಯಾಪಿ ನಿಷೇಧಕ್ಕೂ ಮುನ್ನ. ಹವ್ಯಾಸಿ ಬಿಯರ್ ಸಾಮಾನಿನ ಅಂಗಡಿಗಳಲ್ಲಿ ಆ ದೇಶಕ್ಕೇ ಹಿರಿಯಣ್ಣ ಅದು.

1933ರಲ್ಲಿ ನಿಷೇಧ ತೆರವಾಯಿತು. ಮನೆಯಲ್ಲಿ ವೈನ್ ಮಾಡಿಕೊಳ್ಳಲು ಅವಕಾಶ ಸಿಕ್ಕಿತು, ಬಿಯರ್‌ಗೆ ಮಾತ್ರ ಸಿಗಲಿಲ್ಲ. ಮುಂದಿನ ನಾಲ್ಕೂವರೆ ದಶಕ ಮನೆ ಬಿಯರ್ ಕದ್ದುಮುಚ್ಚಿಯೇ ನಡೆಯಿತು. ಹಾಗೆಂದು ಯಾರೂ ಸುಮ್ಮನಿರಲಿಲ್ಲ. ಲಾಸ್ ಏಂಜಲೀಸ್ ಪ್ರದೇಶದ ‘ಮಾಲ್ಟೋಸ್ ಫಾಲ್ಕನ್ಸ್’ ಕ್ಲಬ್ಬು ಹುಟ್ಟಿದ್ದು 1974ರಲ್ಲಿ, ಕಾನೂನು ಬದಲಾಗುವುದಕ್ಕೂ ನಾಲ್ಕು ವರ್ಷ ಮೊದಲೇ.

1978ರ ಅಕ್ಟೋಬರ್ 14ರಂದು ಅಧ್ಯಕ್ಷ ಜಿಮ್ಮಿ ಕಾರ್ಟರ್ ಒಂದು ಮಸೂದೆಗೆ ಸಹಿ ಹಾಕಿದರು. ಸೆನೆಟರ್ ಅಲನ್ ಕ್ರಾನ್‌ಸ್ಟನ್ ಸೇರಿಸಿದ ತಿದ್ದುಪಡಿ ಅದರೊಳಗಿತ್ತು. ಒಬ್ಬರೇ ವಯಸ್ಕರಿರುವ ಮನೆಗೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ಜನರಿದ್ದರೆ 200 ಗ್ಯಾಲನ್, ಅಂದರೆ ಸುಮಾರು 757 ಲೀಟರ್ ಬಿಯರ್ ತೆರಿಗೆಯಿಲ್ಲದೆ ಮಾಡಿಕೊಳ್ಳಬಹುದು. ಮಾರುವಂತಿಲ್ಲ. ಬಟ್ಟಿ ಇಳಿಸುವುದಕ್ಕೂ ಅದರಲ್ಲಿ ಅನುಮತಿ ಇರಲಿಲ್ಲ. ಅದಕ್ಕೆ ಹಿಂದಿನ ವರ್ಷವಷ್ಟೇ ಅಧ್ಯಕ್ಷರ ತಮ್ಮನ ಹೆಸರಿನಲ್ಲಿ ‘ಬಿಲ್ಲಿ ಬಿಯರ್’ ಮಾರುಕಟ್ಟೆಗೆ ಬಂದಿತ್ತೆಂಬುದು ಬರೀ ಕಾಕತಾಳೀಯ.

ಅದೇ 1978ರಲ್ಲಿ ಕೊಲರಾಡೊದ ಬೋಲ್ಡರ್‌ನಲ್ಲಿ ಚಾರ್ಲಿ ಪಪಾಜಿಯನ್ ಹೋಮ್‌ಬ್ರೂವರ್ಸ್ ಅಸೋಸಿಯೇಷನ್ ಕಟ್ಟಿದರು. ಓದಿದ್ದು ಪರಮಾಣು ಎಂಜಿನಿಯರಿಂಗ್, ಹಗಲು ಮಕ್ಕಳಿಗೆ ಪಾಠ, ಸಂಜೆ ದೊಡ್ಡವರಿಗೆ ಬಿಯರ್ ಪಾಠ. 1984ರಲ್ಲಿ ಬಂದ ಅವರ ಪುಸ್ತಕ ಒಂದಿಡೀ ಪೀಳಿಗೆಗೆ ಕೈಪಿಡಿಯಾಯಿತು. ಕ್ಯಾಲಿಫೋರ್ನಿಯಾದ ಚೀಕೊ ಊರಿನಲ್ಲಿ ಹವ್ಯಾಸಿಗಳಿಗೆ ಸಾಮಾನು ಮಾರುತ್ತಿದ್ದ ಕೆನ್ ಗ್ರಾಸ್‌ಮನ್, ಹಳೆಯ ಡೈರಿ ಪಾತ್ರೆಗಳನ್ನು ಜೋಡಿಸಿಕೊಂಡು 1980ರಲ್ಲಿ ಸಿಯೆರಾ ನೆವಾಡ ಬ್ರೂವರಿಯ ಮೊದಲ ಬಿಯರ್ ಮಾಡಿದರು. ಇವತ್ತು ಬೆಂಗಳೂರಿನ ಪಬ್ಬುಗಳ ಮೆನುವಿನಲ್ಲಿ ಕಾಣುವ ‘ಕ್ರಾಫ್ಟ್ ಬಿಯರ್’ ಎಂಬ ಮಾತಿನ ಬೇರು ಇಂಥ ಗ್ಯಾರೇಜುಗಳಲ್ಲೇ ಇದೆ.

ಬ್ರಿಟನ್ ಕಥೆ ಚಿಕ್ಕದು. ಮನೆ ಬಿಯರ್‌ಗೆ ಲೈಸೆನ್ಸ್ ಬೇಕೆಂದು 1880ರಲ್ಲಿ ಗ್ಲಾಡ್‌ಸ್ಟನ್ ಕಾಲದಲ್ಲಿ ಬಂದ ನಿಯಮವನ್ನು 1963ರಲ್ಲಿ ಹಣಕಾಸು ಸಚಿವ ರೆಜಿನಾಲ್ಡ್ ಮಾಡ್ಲಿಂಗ್ ತೆಗೆದುಹಾಕಿದರು.

[ಬಾಕ್ಸ್] ಇಲ್ಲಿ ಮಾಡಬಹುದೇ?

ಕರ್ನಾಟಕದಲ್ಲಿ ಮಾಡುವಂತಿಲ್ಲ. ಕರ್ನಾಟಕ ಅಬಕಾರಿ ಕಾಯ್ದೆ, 1965ರ ಪ್ರಕಾರ ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದು ಅಪರಾಧ. ‘ಮನೆ ಬಳಕೆಗೆ ಸ್ವಲ್ಪ’ ಎಂಬ ನೆಪ ನಡೆಯದು. ಈ ಲೇಖನದಲ್ಲಿರುವ ಅಳತೆಗಳು ಕಾನೂನು ಒಪ್ಪುವ ದೇಶಗಳಲ್ಲಿರುವವರಿಗೆ ಕೈಪಿಡಿ, ಇಲ್ಲಿರುವವರಿಗೆ ಓದು. ಅಮೆರಿಕದಲ್ಲಿಯೂ ಎಲ್ಲ ರಾಜ್ಯಗಳು ಒಪ್ಪಲು 2013 ಆಯಿತು. ಕೊನೆಗೆ ಒಪ್ಪಿದ್ದು ಅಲಬಾಮಾ ಮತ್ತು ಮಿಸಿಸಿಪ್ಪಿ.

ಉಕ್ಕಿತು, ಉಕ್ಕಿತು!

ಚರಟ ತೆಗೆದ ಮೇಲೆ ಉಳಿದ ಸಿಹಿ ರಸಕ್ಕೆ ‘ವರ್ಟ್’ ಎನ್ನುತ್ತಾರೆ. ಅದನ್ನು ಒಂದು ಗಂಟೆ ಕುದಿಸಬೇಕು. ಕುದಿ ಬರುವ ಮೊದಲ ಐದು ನಿಮಿಷ ಫೋನ್ ಬಂದರೂ ಎತ್ತುವಂತಿಲ್ಲ. ಕಾಳಿನ ಪ್ರೊಟೀನು ಕಂದು ನೊರೆಯಾಗಿ ಮೇಲೆ ದಟ್ಟೈಸಿ, ಒಮ್ಮೆಗೇ ಉಬ್ಬಿ, ಹಂಡೆಯ ಅಂಚು ದಾಟಿ ಬರ್ನರ್ ಮೇಲೆ ಸುರಿಯುತ್ತದೆ. ಸುಟ್ಟ ಸಕ್ಕರೆ ನೆಲಕ್ಕೆ ಅಂಟಿಕೊಂಡರೆ ಕೆರೆಯುವಷ್ಟರಲ್ಲಿ ಸಂಜೆ. ಹುಡುಗ ಒಂದು ಕೈಯಲ್ಲಿ ಗ್ಯಾಸಿನ ತಿರುಗಣಿ, ಇನ್ನೊಂದರಲ್ಲಿ ನೀರಿನ ಸ್ಪ್ರೇ ಬಾಟಲಿ ಹಿಡಿದು ಕಾವಲು ನಿಂತಿದ್ದಾನೆ. ನೊರೆ ಏರಿತು, ಸಿಂಪಡಿಸಿದ, ಕುಸಿಯಿತು. ಮತ್ತೆ ಏರಿತು.

ಮುಚ್ಚಳ ಹಾಕುವಂತಿಲ್ಲ. ಬಾರ್ಲಿಯಿಂದ ಹುಟ್ಟುವ ಡೈಮೀಥೈಲ್ ಸಲ್ಫೈಡ್ ಎಂಬ ಅನಿಲ ಹಬೆಯ ಜೊತೆ ಹಾರಿಹೋಗಬೇಕು. ಹೋಗದಿದ್ದರೆ ಬಿಯರಿನಲ್ಲಿ ಬೇಯಿಸಿದ ಜೋಳದ ವಾಸನೆ.

ಇನ್ನು ಹಾಪ್ಸ್. ಬಳ್ಳಿಯ ಹೂವು, ಗಾಂಜಾ ಗಿಡದ ಕುಟುಂಬದ್ದೇ, ಆದರೆ ಆ ಅಮಲು ಇದಕ್ಕಿಲ್ಲ. ಹೆಣ್ಣು ಬಳ್ಳಿಯ ಹೂವು ಮಾತ್ರ ಬಿಯರ್‌ಗೆ ಬೇಕು. ಒಣಗಿದ ಒಂದು ಹೂವನ್ನು ಅಂಗೈಯಲ್ಲಿಟ್ಟು ಉಜ್ಜಿದರೆ ಹಳದಿ ಪುಡಿ ಬೆರಳಿಗೆ ಅಂಟುತ್ತದೆ. ಮೂಸಿದರೆ ಚಕ್ಕೋತದ ಸಿಪ್ಪೆ, ಹಸಿ ಹುಲ್ಲು, ಸ್ವಲ್ಪ ಅಂಟಿನ ಮರದ ವಾಸನೆ. ಆ ಪುಡಿಯಲ್ಲೇ ಇದರ ಎಲ್ಲ ಮಹಿಮೆ.

ಬೇಸಿಗೆಯಲ್ಲಿ ಹಗಲು ಬಹಳ ಉದ್ದವಿರುವ ನಾಡುಗಳಲ್ಲಿ ಈ ಬಳ್ಳಿ ಚೆನ್ನಾಗಿ ಬರುತ್ತದೆ. ನಮ್ಮ ದೇಶದಲ್ಲಿ ಹಿಮಾಚಲದ ಲಾಹೌಲ್ ಕಣಿವೆಯಲ್ಲಿ ಬೆಳೆದಿದ್ದಾರೆ. ಕರ್ನಾಟಕದ ಹಗಲು ಇದಕ್ಕೆ ಸಾಲದು. ಪೋರ್ಟ್‌ಲ್ಯಾಂಡಿನವರಿಗೆ ಈ ವಿಷಯದಲ್ಲಿ ಸ್ವಲ್ಪ ಜಂಬ. ಅಮೆರಿಕದ ಬಿಯರ್ ರುಚಿಯನ್ನೇ ಬದಲಿಸಿದ ‘ಕ್ಯಾಸ್ಕೇಡ್’ ತಳಿ ಅವರದೇ ರಾಜ್ಯದ ಕೊರ್ವಾಲಿಸ್‌ನ ಸಂಶೋಧನಾ ತೋಟದಿಂದ 1972ರಲ್ಲಿ ಹೊರಬಂದದ್ದು.

ಹಾಪ್ಸ್ ಹಾಕುವುದರಲ್ಲಿ ಗಡಿಯಾರವೇ ಯಜಮಾನ. ಕುದಿಯ ಆರಂಭದಲ್ಲಿ ಹಾಕಿದರೆ ಕಹಿ ಮಾತ್ರ ಉಳಿಯುತ್ತದೆ. ಅದರ ಆಲ್ಫಾ ಆಮ್ಲಗಳು ನೀರಿನಲ್ಲಿ ಕರಗುವ ರೂಪಕ್ಕೆ ತಿರುಗಲು ದೀರ್ಘ ಕುದಿ ಬೇಕು. ಅಷ್ಟು ಹೊತ್ತಿಗೆ ಸುವಾಸನೆಯ ಎಣ್ಣೆ ಹಾರಿಹೋಗಿರುತ್ತದೆ. ಉರಿ ಆರಿಸುವಾಗ ಹಾಕಿದರೆ ಸುವಾಸನೆ ಉಳಿಯುತ್ತದೆ, ಕಹಿ ಅಷ್ಟಾಗಿ ಇಳಿಯದು. ಹಾಗಾಗಿ ಅದೇ ಹಾಪ್ಸನ್ನು ಮೂರು ಕಂತಿನಲ್ಲಿ ಹಾಕುತ್ತಾರೆ. ಈ ಕಹಿ ಬರೀ ರುಚಿಗಲ್ಲ, ಬಿಯರನ್ನು ಹುಳಿಯಾಗಿಸುವ ಕೆಲವು ಬ್ಯಾಕ್ಟೀರಿಯಾಗಳನ್ನೂ ದೂರ ಇಡುತ್ತದೆ.

ಈ ಕೊನೆಯ ಗುಣವೇ ಒಂದು ದಂತಕಥೆಗೆ ಮೂಲ. ಭಾರತಕ್ಕೆ ಹೋಗುವ ಹಡಗಿನಲ್ಲಿ ಕೆಡದಿರಲಿ ಎಂದು ‘ಇಂಡಿಯಾ ಪೇಲ್ ಏಲ್’ ಎಂಬ ಬಿಯರನ್ನೇ ಹೊಸದಾಗಿ ಸೃಷ್ಟಿಸಿದರಂತೆ. ಲಂಡನ್ನಿನ ಬೋ ಬ್ರೂವರಿಯ ಹಾಡ್ಜ್‌ಸನ್ 18ನೇ ಶತಮಾನದ ಕೊನೆಯ ಹೊತ್ತಿಗೆ ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳಲ್ಲಿ ಬಿಯರ್ ಕಳಿಸುತ್ತಿದ್ದದ್ದು ನಿಜ. ಆದರೆ ಹಾಪ್ಸ್ ಹೆಚ್ಚು ಹಾಕಿದ ಬಿಯರುಗಳು ಅದಕ್ಕೂ ಮೊದಲೇ ಇಂಗ್ಲೆಂಡಿನಲ್ಲಿದ್ದವು. ಕಪ್ಪು ಪೋರ್ಟರ್ ಬಿಯರ್ ಕೂಡ ಅದೇ ಸಮುದ್ರ ದಾಟಿ ಸುಖವಾಗಿಯೇ ಬಂದಿಳಿಯುತ್ತಿತ್ತು.

[ಬಾಕ್ಸ್] 19 ಲೀಟರ್ ಅಮೆರಿಕನ್ ಪೇಲ್ ಏಲ್

ಪೇಲ್ ಏಲ್ ಮಾಲ್ಟ್ 4 ಕಿಲೋ; ಬಣ್ಣಕ್ಕೆ, ಕ್ಯಾರಮೆಲ್ ರುಚಿಗೆ ಕ್ರಿಸ್ಟಲ್ ಮಾಲ್ಟ್ 400 ಗ್ರಾಂ. ನೀರು ಸುಮಾರು 28 ಲೀಟರ್.

ಮ್ಯಾಶ್: 67 ಡಿಗ್ರಿ, ಒಂದು ಗಂಟೆ. ಕುದಿ: ಒಂದು ಗಂಟೆ.

ಕ್ಯಾಸ್ಕೇಡ್ ಹಾಪ್ಸ್: ಕುದಿ ಬಂದಾಗ 30 ಗ್ರಾಂ, ಕೊನೆಯ 15 ನಿಮಿಷ ಇರುವಾಗ 25 ಗ್ರಾಂ, ಉರಿ ಆರಿಸಿದಾಗ 30 ಗ್ರಾಂ.

ಏಲ್ ಯೀಸ್ಟ್: ಸುಮಾರು 11 ಗ್ರಾಮಿನ ಒಣ ಯೀಸ್ಟ್ ಪೊಟ್ಟಣ ಒಂದು. ಹುದುಗುವ ಉಷ್ಣತೆ 18–20 ಡಿಗ್ರಿ, ಎರಡು ವಾರ.

ಹೈಡ್ರೋಮೀಟರ್ ಲೆಕ್ಕ: ಆರಂಭದಲ್ಲಿ ಸಾಂದ್ರತೆ 1.050 ಆಸುಪಾಸು, ಕೊನೆಗೆ 1.010–1.012. ಎರಡರ ವ್ಯತ್ಯಾಸವನ್ನು 131ರಿಂದ ಗುಣಿಸಿದರೆ ಮದ್ಯಸಾರದ ಶೇಕಡಾ ಪ್ರಮಾಣ. ಇಲ್ಲಿ ಸುಮಾರು 5.

ಅರ್ಧ ದಿನ ಪಾತ್ರೆ ತೊಳೆಯುವುದೇ

ಕುದಿ ನಿಂತ ಕ್ಷಣದಿಂದ ಆಟದ ನಿಯಮ ಬದಲಾಗುತ್ತದೆ. ಅಲ್ಲಿಯವರೆಗೆ ಕೊಳೆ ಕೈಯಲ್ಲಿ ಮುಟ್ಟಿದರೂ ಕುದಿ ಕಾಪಾಡುತ್ತಿತ್ತು. ಇನ್ನು ಮೇಲೆ ರಸವನ್ನು ತಾಕುವ ಚಮಚ, ಪೈಪು, ಬಕೆಟ್ಟು, ಮುಚ್ಚಳ, ಥರ್ಮಾಮೀಟರಿನ ತುದಿ ಎಲ್ಲವೂ ಸೋಂಕುರಹಿತವಾಗಿರಬೇಕು. ಬಿಯರ್ ಮಾಡುವುದೆಂದರೆ ಮುಕ್ಕಾಲು ಪಾಲು ಪಾತ್ರೆ ತೊಳೆಯುವ ಕೆಲಸ. ಸುಳ್ಳಾದರೆ ಹುಡುಗನ ಹೆಂಡತಿಯನ್ನು ಕೇಳಿ. ಬೆಳಿಗ್ಗೆಯಿಂದ ಸಿಂಕು ಖಾಲಿಯಿಲ್ಲ.

ತೊಳೆಯುವುದು ಬೇರೆ, ಸೋಂಕು ತೆಗೆಯುವುದು ಬೇರೆ. ಮೊದಲು ಬಿಸಿನೀರು, ಮಾರ್ಜಕ, ಬ್ರಷ್ಷು. ಕಣ್ಣಿಗೆ ಕಾಣುವ ಕಲೆ ಪೂರ್ತಿ ಹೋಗಬೇಕು. ಕಲೆಯ ಮೇಲೆ ಸುರಿದ ಸೋಂಕುನಾಶಕ ದಂಡ. ಆಮೇಲೆ ಫಾಸ್ಫಾರಿಕ್ ಆಮ್ಲದ ತೆಳು ದ್ರಾವಣ. ಹೇಳಿದ ಪ್ರಮಾಣದಲ್ಲೇ ಬೆರೆಸಿದರೆ ಅದನ್ನು ಮತ್ತೆ ತೊಳೆಯಬೇಕಿಲ್ಲ, ನೊರೆ ಉಳಿದರೂ ತೊಂದರೆಯಿಲ್ಲ. ಪ್ಲಾಸ್ಟಿಕ್ ಬಕೆಟ್ಟಿಗೆ ಉಕ್ಕಿನ ಜುಂಗು ಹಾಕಿ ಉಜ್ಜುವವರಿದ್ದಾರೆ. ಬಿದ್ದ ಒಂದೊಂದು ಗೀರೂ ಬ್ಯಾಕ್ಟೀರಿಯಾಕ್ಕೆ ಬಾಡಿಗೆಯಿಲ್ಲದ ಮನೆ.

ರಸವನ್ನು ಬೇಗ ತಣಿಸಬೇಕು. ತಾಮ್ರದ ಸುರುಳಿ ಕೊಳವೆಯನ್ನು ಹಂಡೆಯೊಳಗೆ ಇಳಿಸಿ, ಅದರೊಳಗೆ ನಲ್ಲಿ ನೀರು ಹರಿಸುತ್ತಾರೆ. ಪೋರ್ಟ್‌ಲ್ಯಾಂಡಿನ ನವೆಂಬರ್ ನೀರು ಕೊರೆಯುವಷ್ಟು ತಣ್ಣಗಿರುವುದರಿಂದ ಇಪ್ಪತ್ತು ನಿಮಿಷದಲ್ಲಿ ರಸ 20 ಡಿಗ್ರಿಗೆ ಇಳಿಯಿತು.

ನೀರಿನ ವಿಷಯ ಇಲ್ಲೇ ಹೇಳಿಬಿಡಬೇಕು. ಕುಡಿಯಲು ಚೆನ್ನಾಗಿರುವ ನೀರು ಬಿಯರ್‌ಗೂ ಸರಿ, ಒಂದು ಷರತ್ತಿನ ಮೇಲೆ. ನಲ್ಲಿ ನೀರಿನ ಕ್ಲೋರಿನ್ ಹೋಗಿರಬೇಕು. ಅದು ಮಾಲ್ಟಿನ ಫೀನಾಲ್ ಜೊತೆ ಸೇರಿದರೆ ಬ್ಯಾಂಡೇಜ್ ಪಟ್ಟಿಯ ವಾಸನೆ ಹುಟ್ಟುತ್ತದೆ. ಕ್ಲೋರಮಿನ್ ಬೆರೆಸುವ ಊರುಗಳಲ್ಲಿ ಕುದಿಸಿ ಆರಿಸಿದರೆ ಸಾಲದು. ಚಿಟಿಕೆ ಪೊಟ್ಯಾಸಿಯಂ ಮೆಟಾಬೈಸಲ್ಫೈಟ್ ಹಾಕುತ್ತಾರೆ. ನೀರಿನ ಖನಿಜ ಬಿಯರಿನ ಜಾತಕವನ್ನೇ ಬರೆಯುತ್ತದೆ. ಇಂಗ್ಲೆಂಡಿನ ಬರ್ಟನ್ ಊರಿನ ಜಿಪ್ಸಂ ತುಂಬಿದ ನೀರು ಹಾಪ್ಸಿನ ಕಹಿಯನ್ನು ಹರಿತ ಮಾಡುತ್ತಿತ್ತು. ಬೇರೆ ಊರಿನವರು ಈಗಲೂ ತಮ್ಮ ನೀರಿಗೆ ಜಿಪ್ಸಂ ಬೆರೆಸಿ ಬರ್ಟನ್ ಅನುಕರಿಸುತ್ತಾರೆ.

ಮಾಡುವವನು ಯಾರು?

ಬವೇರಿಯಾದ ದೊರೆ 1516ರ ಏಪ್ರಿಲ್ 23ರಂದು ಹೊರಡಿಸಿದ ಪ್ರಸಿದ್ಧ ಶುದ್ಧತೆಯ ಕಟ್ಟಳೆ, ಬಿಯರಿಗೆ ಬಾರ್ಲಿ, ಹಾಪ್ಸ್, ನೀರು ಮೂರೇ ಸಾಕೆಂದು ಹೇಳಿತು. ಯೀಸ್ಟ್ ಸುದ್ದಿಯೇ ಇಲ್ಲ. ಅದೊಂದು ಜೀವಿಯೆಂದು ಆಗ ಯಾರಿಗೂ ಗೊತ್ತಿರಲಿಲ್ಲ. ಲೂಯಿ ಪಾಶ್ಚರ್ ಬಿಯರ್ ಕುರಿತ ತಮ್ಮ ಗ್ರಂಥ ಹೊರತಂದದ್ದು 1876ರಲ್ಲಿ. 1883ರಲ್ಲಿ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಎಮಿಲ್ ಕ್ರಿಶ್ಚಿಯನ್ ಹಾನ್ಸೆನ್ ಒಂದೇ ಕೋಶದಿಂದ ಶುದ್ಧ ಯೀಸ್ಟ್ ಬೆಳೆಸಿ ತೋರಿಸಿದರು. ಕಂಪನಿ ಅದನ್ನು ಬಚ್ಚಿಡದೆ ಬೇರೆ ಬ್ರೂವರಿಗಳಿಗೂ ಹಂಚಿತು. ಇವತ್ತಿನ ವ್ಯಾಪಾರದಲ್ಲಿ ಊಹಿಸಲಾಗದ ಔದಾರ್ಯ!

ಯೀಸ್ಟ್‌ಗೆ ಸಿಹಿ ರಸ ಸಿಕ್ಕಿತೆಂದರೆ ಅರ್ಧ ದಿನದಲ್ಲಿ ಬಕೆಟ್ಟಿನಿಂದ ಅನಿಲ ಹೊರಬಿಡುವ ಏರ್‌ಲಾಕಿನಿಂದ ಬುಳುಬುಳು ಶುರು. ಸಕ್ಕರೆ ತಿಂದು ಮದ್ಯಸಾರ, ಇಂಗಾಲದ ಡೈಆಕ್ಸೈಡ್, ಜೊತೆಗೆ ನೂರೆಂಟು ಸುವಾಸನೆ ಬಿಡುತ್ತದೆ. ಅದಕ್ಕೆ ಸೆಕೆ ತಡೆಯದು. 20ರ ಒಳಗೆ ಸಭ್ಯವಾಗಿರುವ ಏಲ್ ಯೀಸ್ಟ್, 26–28ಕ್ಕೆ ಏರಿದರೆ ತಲೆನೋವು ತರಿಸುವಂಥ ಖಾರದ, ಬಣ್ಣದಂಗಡಿಯ ಘಾಟಿನ ಬಿಯರ್ ಮಾಡಿಕೊಡುತ್ತದೆ. ಹುದುಗುವ ರಸ ತಾನೇ ಬಿಸಿಯಾಗುವುದರಿಂದ ಕೋಣೆ 20 ಇದ್ದರೆ ಬಕೆಟ್ಟಿನ ಒಳಗೆ ಇನ್ನೂ ಮೂರ್ನಾಲ್ಕು ಡಿಗ್ರಿ ಹೆಚ್ಚಿರಬಹುದು. ಬಕೆಟ್ಟನ್ನು ನೀರಿನ ತೊಟ್ಟಿಯಲ್ಲಿಟ್ಟು ಒದ್ದೆ ಬಟ್ಟೆ ಹೊದಿಸಿದರೂ ಒಂದೆರಡು ಡಿಗ್ರಿ ಉಳಿಯುತ್ತದೆ. ಹೊಸಬರು ದುಬಾರಿ ಹಾಪ್ಸ್‌ಗೆ ಸುರಿಯುವ ಹಣವನ್ನು ಹಳೆಯದೊಂದು ಫ್ರಿಜ್ಜಿಗೆ ಹಾಕಿದರೆ ಹೆಚ್ಚು ಲಾಭ ಎಂಬುದು ನನ್ನ ಅಭಿಪ್ರಾಯ.

ನಮ್ಮ ಬಾಯಿಗೆ ಹೆಚ್ಚು ಪರಿಚಯವಿರುವ ಲಾಗರ್ ಬಿಯರ್ ಇನ್ನೂ ಹಟಮಾರಿ. 8–12 ಡಿಗ್ರಿಯಲ್ಲಿ ಹುದುಗಿ, ವಾರಗಟ್ಟಲೆ ತಣ್ಣಗೆ ಮಲಗಬೇಕು. ಅದರ ಯೀಸ್ಟ್ ಒಂದು ಮಿಶ್ರತಳಿ. ಅದರ ಹೆತ್ತವರಲ್ಲಿ ಒಂದು ಯಾವುದೆಂದು ಬಹುಕಾಲ ಗೊತ್ತಿರಲಿಲ್ಲ. ಅರ್ಜೆಂಟೀನಾದ ಪ್ಯಾಟಗೋನಿಯಾ ಕಾಡಿನಲ್ಲಿ ಅದು ಸಿಕ್ಕಿದ ಸುದ್ದಿ ಹೊರಬಿದ್ದದ್ದು 2011ರಲ್ಲಿ.

ಸೆಕೆಯ ಊರಿನವರಿಗೆ ಒಂದು ಸಮಾಧಾನ ನಾರ್ವೆಯಿಂದ ಬಂದಿದೆ. ಅಲ್ಲಿನ ಪಶ್ಚಿಮ ಭಾಗದ ರೈತ ಕುಟುಂಬಗಳು ತಲೆಮಾರುಗಳಿಂದ ಮರದ ಉಂಗುರದ ಮೇಲೆ ಒಣಗಿಸಿ ಕಾಪಾಡಿದ ‘ಕ್ವೈಕ್’ ಯೀಸ್ಟ್, 35ರಿಂದ 40 ಡಿಗ್ರಿಯಲ್ಲೂ ಹದ ಕೆಡದೆ, ಕೆಲವೇ ದಿನಗಳಲ್ಲಿ ಕೆಲಸ ಮುಗಿಸುತ್ತದೆ. ಟೆಕ್ಸಾಸ್, ಅರಿಜೋನಾದ ಹವ್ಯಾಸಿಗಳು ಬೇಸಿಗೆಯಲ್ಲಿ ಇದರ ಮೊರೆ ಹೋಗುವುದು ಸಹಜವೇ.

ಬಾಟಲಿ ಸಿಡಿಯುವ ರಾತ್ರಿ

ಎರಡು ವಾರದ ಬಳಿಕ ಹೈಡ್ರೋಮೀಟರ್ ಇಳಿಸಿ ನೋಡಬೇಕು. ಎರಡು–ಮೂರು ದಿನ ಬಿಟ್ಟು ಮತ್ತೆ ನೋಡಿದಾಗಲೂ ಅದೇ ಅಂಕಿ ಬಂದರೆ ಮಾತ್ರ ಹುದುಗು ಮುಗಿದಿದೆ ಎಂದರ್ಥ. ಬುಳುಬುಳು ನಿಂತಿತೆಂದು ಬಾಟಲಿಗೆ ತುಂಬಿದವರು ಪಶ್ಚಾತ್ತಾಪ ಪಟ್ಟಿದ್ದಾರೆ.

ಆಗ ಬಿಯರಿನಲ್ಲಿ ನೊರೆ ಇರುವುದಿಲ್ಲ, ಚಪ್ಪೆ. ಲೀಟರಿಗೆ ಆರೇಳು ಗ್ರಾಂ ಲೆಕ್ಕದಲ್ಲಿ ಸಕ್ಕರೆಯನ್ನು ನೀರಿನಲ್ಲಿ ಕುದಿಸಿ ಬೆರೆಸಿ, ಬಾಟಲಿಗೆ ತುಂಬಿ ಮುಚ್ಚಳ ಒತ್ತುತ್ತಾರೆ. ಅಳಿದುಳಿದ ಯೀಸ್ಟ್ ಆ ಸಕ್ಕರೆ ತಿಂದು ಬಿಟ್ಟ ಅನಿಲ ಹೊರಹೋಗಲು ದಾರಿಯಿಲ್ಲದೆ ಬಿಯರಿನಲ್ಲೇ ಕರಗುತ್ತದೆ. ಎರಡು ವಾರ ಕೋಣೆಯ ಬಿಸಿಯಲ್ಲಿಟ್ಟರೆ ನೊರೆ ಸಿದ್ಧ. ಸಕ್ಕರೆ ಕೈತಪ್ಪಿ ಹೆಚ್ಚಾದರೆ, ಅಥವಾ ಹುದುಗು ಮುಗಿಯದೆ ತುಂಬಿದರೆ, ಮಧ್ಯರಾತ್ರಿ ಕಪಾಟಿನೊಳಗೆ ಪಟಾಕಿ. ಗಾಜಿನ ಚೂರು ಗೋಡೆಗೆ ನಾಟಿದ ಉದಾಹರಣೆಗಳಿವೆ. ಇದು ತಮಾಷೆಯ ವಿಷಯವಲ್ಲ. ಅದಕ್ಕೇ ಬಾಟಲಿಗಳನ್ನು ಮುಚ್ಚಿದ ಪ್ಲಾಸ್ಟಿಕ್ ಡಬ್ಬದೊಳಗೆ ಜೋಡಿಸಿಡುವುದು.

ಬಾಟಲಿ ಕಂದು ಬಣ್ಣದ್ದೇ ಇರಲಿ. ಬಿಸಿಲು ತಾಕಿದರೆ ಹಾಪ್ಸಿನ ಕಹಿ ಪದಾರ್ಥ ಒಡೆದು ಹುಟ್ಟುವ ಗಂಧಕದ ನಾತ ಅಸಹನೀಯ; ಹಸಿರು, ಬಿಳಿ ಗಾಜು ಅದನ್ನು ತಡೆಯದು.

[ಬಾಕ್ಸ್] ಮೂಗು ಹೇಳುವ ದೋಷ

ಬೆಣ್ಣೆ: ಯೀಸ್ಟ್ ತಾನೇ ಬಿಟ್ಟ ಡಯಾಸಿಟೈಲನ್ನು ಮರಳಿ ತಿನ್ನಲು ಸಮಯ ಸಿಕ್ಕಿಲ್ಲ. ಇನ್ನೂ ಎರಡು ದಿನ ಬಿಡಿ.

ಹಸಿ ಸೇಬು: ಬಿಯರ್ ಎಳಸು, ಅವಸರದಲ್ಲಿ ಬಾಟಲಿಗೆ ತುಂಬಿದ್ದೀರಿ.

ಬೇಯಿಸಿದ ಜೋಳ: ಕುದಿ ಸಾಲಲಿಲ್ಲ, ಇಲ್ಲವೇ ಮುಚ್ಚಳ ಹಾಕಿದಿರಿ.

ಒದ್ದೆ ರಟ್ಟು: ಹುದುಗಿದ ಮೇಲೆ ಗಾಳಿ ತಾಗಿದೆ.

ಬಾಳೆಹಣ್ಣು: ಜರ್ಮನಿಯ ಗೋಧಿ ಬಿಯರ್ ಆದರೆ ಅಭಿನಂದನೆ, ಉಳಿದದ್ದಾದರೆ ಸೆಕೆ ಹೆಚ್ಚಾಗಿದೆ.

ಕಬ್ಬನ್ ಪಾರ್ಕಿನ ಆಚೆ–ಈಚೆ

ಮನೆಯಲ್ಲಿ ಮಾಡಲು ಅವಕಾಶವಿಲ್ಲದ ಬೆಂಗಳೂರು ಈ ಆಸೆಯನ್ನು ಮೈಕ್ರೊಬ್ರೂವರಿಗಳಲ್ಲಿ ತೀರಿಸಿಕೊಂಡಿದೆ. 2010ರ ಸುಮಾರಿಗೆ ರಾಜ್ಯ ಸರ್ಕಾರ ನಿಯಮ ರೂಪಿಸಿ ಪರವಾನಗಿ ಕೊಟ್ಟ ಮೇಲೆ ಲ್ಯಾವೆಲ್ಲೆ ರಸ್ತೆ, ಇಂದಿರಾನಗರಗಳಲ್ಲಿ ಗಾಜಿನ ಗೋಡೆಯ ಹಿಂದೆ ಹೊಳೆಯುವ ಟ್ಯಾಂಕುಗಳು ಬಂದವು. ಅಲ್ಲಿ ಕೆಲಸ ಮಾಡುವವರನ್ನು ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತು ಹೋಗಿ ಮಾತಾಡಿಸಿ. ಅವರೂ ಹೇಳುವುದು ಪೈಪು ತೊಳೆಯುವ ಕಷ್ಟವನ್ನೇ.

ಕೆಲವರು ರಾಗಿಯನ್ನೂ ಬಿಯರಿಗೆ ಇಳಿಸಿದ್ದಾರೆ. ರಾಗಿಗೆ ಬಾರ್ಲಿಯಂಥ ಸಡಿಲ ಹೊಟ್ಟಿಲ್ಲ. ಬಾರ್ಲಿಯಲ್ಲಿ ಆ ಹೊಟ್ಟೇ ರಸ ಸೋಸುವ ಜರಡಿ. ಬರೀ ರಾಗಿ ಹಾಕಿದರೆ ಟ್ಯಾಂಕಿನ ತಳದಲ್ಲಿ ಕೆಸರು ಕಟ್ಟಿ ರಸ ಇಳಿಯುವುದೇ ಇಲ್ಲ. ಆದ್ದರಿಂದ ಸ್ವಲ್ಪ ರಾಗಿ, ಹೆಚ್ಚು ಬಾರ್ಲಿ ಎಂಬ ಲೆಕ್ಕ. ಸಿಕ್ಕಿಂ, ಡಾರ್ಜಿಲಿಂಗ್ ಕಡೆಯವರು ಈ ತಾಪತ್ರಯವನ್ನು ಬೇರೆಯೇ ರೀತಿ ಬಗೆಹರಿಸಿದ್ದಾರೆ. ಹುದುಗಿಸಿದ ರಾಗಿಯನ್ನು ಬಿದಿರ ಕೊಳಗಕ್ಕೆ ತುಂಬಿ, ಬಿಸಿನೀರು ಹೊಯ್ದು, ತುದಿಗೆ ಜಾಲರಿಯಂತೆ ಸೀಳಿದ ಕೊಳವೆಯಿಂದ ಹೀರುತ್ತಾರೆ. ಅದೇ ತೊಂಗ್ಬಾ. ಸೋಸುವ ಗೋಜೇ ಇಲ್ಲ.

ಮೂವತ್ತಕ್ಕೆ ಪಾಸು

ಪೋರ್ಟ್‌ಲ್ಯಾಂಡಿನಂಥ ಊರುಗಳಲ್ಲಿ ಬಾಟಲಿ ತುಂಬಿದವರ ಮುಂದಿನ ಚಪಲ ಸ್ಪರ್ಧೆ. ಅಮೆರಿಕದಲ್ಲಿ ರಾಷ್ಟ್ರೀಯ ಮಟ್ಟದ ಹವ್ಯಾಸಿ ಸ್ಪರ್ಧೆ 1979ರಿಂದ ನಡೆಯುತ್ತಿದೆ. ತೀರ್ಪುಗಾರರಿಗೆ ಪರೀಕ್ಷೆ ನಡೆಸಿ ದರ್ಜೆ ಕೊಡುವ ಬಿಜೆಸಿಪಿ ಎಂಬ ಸಂಸ್ಥೆ 1985ರಲ್ಲಿ ಹುಟ್ಟಿತು. ಬಾಟಲಿಯ ಮೇಲೆ ಹೆಸರಿರುವಂತಿಲ್ಲ, ಬರೀ ಒಂದು ಸಂಖ್ಯೆ.

ಒಟ್ಟು 50 ಅಂಕ. ರುಚಿಗೆ 20, ಪರಿಮಳಕ್ಕೆ 12, ಒಟ್ಟಾರೆ ಅನುಭವಕ್ಕೆ 10, ಬಾಯಲ್ಲಿ ಕೊಡುವ ಭಾರಕ್ಕೆ 5. ಮನೆಮಂದಿಯೆಲ್ಲ ಮೆಚ್ಚಿ ಫೋಟೊ ತೆಗೆಯುವ ಬಣ್ಣ, ಹೊಳಪು, ನೊರೆಗೆ ಸೇರಿ ಬರೀ 3! 30 ದಾಟಿದರೆ ‘ಬಹಳ ಚೆನ್ನಾಗಿದೆ’, 45 ದಾಟಿದರೆ ಹಿಂದಿರುಗಿ ನೋಡಬೇಕಿಲ್ಲ. ತೀರ್ಪುಗಾರರು ಅಂಕ ಕೊಟ್ಟು ಸುಮ್ಮನಾಗುವಂತಿಲ್ಲ. ಏನು ಕೆಟ್ಟಿದೆ, ಎಲ್ಲಿ ಕೆಟ್ಟಿರಬಹುದು, ಮುಂದೆ ಹೇಗೆ ಸರಿಮಾಡಬಹುದು ಎಂದು ಹಾಳೆ ತುಂಬ ಬರೆದುಕೊಡಬೇಕು. ಹವ್ಯಾಸಿಗಳು ಪದಕಕ್ಕಿಂತ ಆ ಹಾಳೆಗಾಗಿಯೇ ಬಾಟಲಿ ಕಳಿಸುತ್ತಾರೆ. ಅದರಲ್ಲಿ ರೆಸಿಪಿಯ ದೋಷಕ್ಕಿಂತ ಉಷ್ಣತೆ ಮತ್ತು ಶುಚಿತ್ವದ ದೋಷಗಳೇ ಹೆಚ್ಚು ಕಾಣುತ್ತವೆ.

ಒಂದು ಗುಟುಕಿಗಿಂತ ಹೆಚ್ಚು ಇಳಿಯದಷ್ಟು ಕೆಟ್ಟ ಬಿಯರ್ ಬಂದರೂ ಸೊನ್ನೆ ಹಾಕುವ ಪದ್ಧತಿ ಇಲ್ಲ. ಶ್ರಮಕ್ಕೆ ಮರ್ಯಾದೆಯೆಂದು 13 ಅಂಕ ಖಾತ್ರಿ.